ಬೋರ್ಡು ಬೀಳದ ಮನೆ: ಹುಬ್ಬಳ್ಳಿ-ಧಾರವಾಡದ ಹಳೆಯ ಬಡಾವಣೆಗಳಲ್ಲಿ ಮನೆ ಹುಡುಕಿ, ಕೊಂಡು, ದುರಸ್ತಿ ಮಾಡಿಸುವ ಸಮಗ್ರ ಮಾರ್ಗದರ್ಶಿ

ಧಾರವಾಡದ ಮಾಳಮಡ್ಡಿಯಲ್ಲಿ ಒಂದು ಹಳೆಯ ಮನೆ ಕೈ ಬದಲಾಯಿತೆಂಬುದು ಓಣಿಯ ಬಹುಪಾಲು ಜನರಿಗೆ ತಿಳಿಯುವುದು, ಹೊಸ ಯಜಮಾನರು ಗೇಟಿಗೆ ಬಣ್ಣ ಹಚ್ಚಿಸುವ ದಿನ. ಅಲ್ಲಿಯವರೆಗೆ ಆ ಮನೆಯ ಮುಂದೆ ‘ಮಾರಾಟಕ್ಕಿದೆ’ ಎಂಬ ಬೋರ್ಡು ಬಿದ್ದಿರುವುದಿಲ್ಲ, ಪತ್ರಿಕೆಯಲ್ಲಿ ಜಾಹೀರಾತು ಬಂದಿರುವುದಿಲ್ಲ, ಯಾವ ಆ್ಯಪ್‌ನಲ್ಲಿಯೂ ಅದರ ಫೋಟೊ ಕಂಡಿರುವುದಿಲ್ಲ. ಸಾಧನಕೇರಿ, ಸಪ್ತಾಪುರ, ಕಲ್ಯಾಣ ನಗರ, ಹುಬ್ಬಳ್ಳಿಯ ದೇಶಪಾಂಡೆ ನಗರ, ವಿದ್ಯಾನಗರ, ಕೇಶ್ವಾಪುರಗಳಲ್ಲಿಯೂ ಇದೇ ರೂಢಿ. ಮನೆ ಕಟ್ಟಿಸಿದ ಹಿರಿಯರು ತೀರಿಕೊಂಡಿರುತ್ತಾರೆ, ಮಕ್ಕಳು ಪುಣೆ, ಬೆಂಗಳೂರು ಅಥವಾ ಅಮೆರಿಕದಲ್ಲಿ ನೆಲೆಸಿರುತ್ತಾರೆ, ಬೋರ್ಡು ಹಾಕಿದರೆ ‘ಅಪ್ಪ ಕಟ್ಟಿಸಿದ ಮನೆ ಮಾರಾಕ ಹತ್ಯಾರ’ ಎಂಬ ಮಾತು ಬಂಧುಬಳಗದಲ್ಲಿ ಹಬ್ಬುತ್ತದೆ ಎಂಬ ಸಂಕೋಚವೂ ದಲಾಲರು ಸಾಲುಗಟ್ಟುತ್ತಾರೆಂಬ ಅಂಜಿಕೆಯೂ ಅವರಿಗೆ ಇರುತ್ತವೆ. ಆದ್ದರಿಂದ ವ್ಯವಹಾರ ಬಾಯಿಂದ ಬಾಯಿಗೆ ಸಾಗಿ, ಗುರುತಿನವರ ನಡುವೆಯೇ ಮುಗಿಯುತ್ತದೆ.

ಇಂಥ ಮನೆಯನ್ನು ಹುಡುಕುವುದು ಜನರು ತಿಳಿದುಕೊಂಡಷ್ಟು ಕಷ್ಟವಲ್ಲ. ನಿಜವಾದ ಕಷ್ಟವಿರುವುದು, ಆ ಮನೆಯ ಮೇಲೆ ಹಕ್ಕಿರುವ ಎಲ್ಲರ ಸಹಿಯನ್ನು ಒಂದೇ ಕಾಗದದ ಮೇಲೆ ತರುವುದರಲ್ಲಿ. ಈ ಬರಹದಲ್ಲಿ ನಾನು ಹುಡುಕಾಟಕ್ಕಿಂತ ಕಾಗದಪತ್ರಗಳ ಬಗ್ಗೆ ಹೆಚ್ಚು ಹೇಳುವುದು ಅದೇ ಕಾರಣಕ್ಕೆ.

ಮೊದಲು ಓಣಿ, ಆಮೇಲೆ ಮನೆ

ಅವಳಿ ನಗರದಲ್ಲೆಲ್ಲಾದರೂ ಆದೀತು ಎನ್ನುವವರಿಗೆ ಬೋರ್ಡಿರುವ ಮನೆಗಳೇ ಸಿಗುತ್ತವೆ. ಬೋರ್ಡಿಲ್ಲದ ಮನೆ ಬೇಕಾದರೆ ಎರಡು ಅಥವಾ ಮೂರು ಓಣಿಗಳನ್ನು ಮಾತ್ರ ಆರಿಸಿಕೊಂಡು, ಅಲ್ಲಿನ ಜನ ನಿಮ್ಮ ಮುಖ ಗುರುತಿಸುವಷ್ಟು ಸಲ ಅಲ್ಲಿ ಓಡಾಡಬೇಕು. ಮನೆಯಿಂದ ಕೆಲಸದ ಸ್ಥಳಕ್ಕೆ, ಶಾಲೆಗೆ, ಆಸ್ಪತ್ರೆಗೆ ಎಷ್ಟು ದೂರ ಎಂಬುದರ ಜೊತೆಗೆ ಚಿಗರಿ ಬಸ್ಸಿನ ನಿಲ್ದಾಣಕ್ಕೆ ನಡೆದು ಹೋಗಬಹುದೇ ಎಂಬುದನ್ನೂ ನೋಡಿ. ಅವಳಿ ನಗರದ ನಡುವಿನ ಸುಮಾರು 22 ಕಿ.ಮೀ. ಬಿ.ಆರ್.ಟಿ.ಎಸ್. ದಾರಿ, ಅಂದರೆ ಚಿಗರಿ ಬಸ್ಸುಗಳ ವಿಶೇಷ ದಾರಿ, ಬಂದ ಮೇಲೆ ಧಾರವಾಡದಲ್ಲಿದ್ದು ಹುಬ್ಬಳ್ಳಿಯಲ್ಲಿ ದುಡಿಯುವುದು ಸುಲಭವಾಗಿದೆ.

ಓಣಿ ಆರಿಸುವಾಗ ಕಾಲ ಕೆಳಗಿನ ಮಣ್ಣನ್ನೂ ನೋಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಧಾರವಾಡದ ಪಶ್ಚಿಮ ಭಾಗ ಮಲೆನಾಡಿನ ಸೆರಗು. ಅಲ್ಲಿ ಕೆಂಪು ಮಣ್ಣು, ಗರಸು ನೆಲ ಹೆಚ್ಚಾಗಿ ಸಿಗುತ್ತದೆ. ಪೂರ್ವಕ್ಕೆ, ಹುಬ್ಬಳ್ಳಿಯಿಂದ ಆಚೆಗೆ ಹೋದಂತೆ ಎರೆಭೂಮಿ (ಕಪ್ಪು ಮಣ್ಣಿನ ನೆಲ) ಹೆಚ್ಚು. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವುದರಿಂದ, ಆಳದ ಅಡಿಪಾಯವಿಲ್ಲದ ಹಳೆಯ ಮನೆಗಳ ಗೋಡೆ ಬಿರಿಯುತ್ತದೆ. ಗದಗ-ಬೆಟಗೇರಿಯಲ್ಲಿ ಅಥವಾ ಹಾವೇರಿಯಲ್ಲಿ ಮನೆ ನೋಡುವವರಿಗೂ ಈ ಮಾತು ಅನ್ವಯಿಸುತ್ತದೆ. ಕಾಗದಪತ್ರದ ಕ್ರಮವೂ ಬಹುಮಟ್ಟಿಗೆ ಅದೇ, ಪಾಲಿಕೆಯ ಜಾಗದಲ್ಲಿ ನಗರಸಭೆ ಇರುತ್ತದೆ, ಅಷ್ಟೆ.

ವರ್ಷದ ಲೆಕ್ಕ: ಆಷಾಢದಲ್ಲಿ ನೋಡಿ, ದೀಪಾವಳಿಯ ನಂತರ ಕೆಲಸ ಹಚ್ಚಿ

ಆಷಾಢದಲ್ಲಿ ನಮ್ಮ ಕಡೆ ಯಾರೂ ಮನೆ ವ್ಯವಹಾರ ಮಾಡುವುದಿಲ್ಲ. ಅದಕ್ಕಾಗಿಯೇ ಮನೆ ನೋಡಲು ಅದಕ್ಕಿಂತ ಒಳ್ಳೆಯ ತಿಂಗಳಿಲ್ಲ. ಜುಲೈ ತಿಂಗಳ ಜಡಿಮಳೆಯಲ್ಲಿ ಯಾವ ಮೂಲೆ ಸೋರುತ್ತದೆ, ಯಾವ ಗೋಡೆ ನೆಲದಿಂದ ಮೂರು ಅಡಿ ತೇವ ಹೀರಿದೆ, ರಸ್ತೆಯ ನೀರು ಅಂಗಳಕ್ಕೆ ನುಗ್ಗುತ್ತದೆಯೇ ಎಂಬುದೆಲ್ಲ ಯಾರೂ ಹೇಳದೆಯೇ ತಿಳಿಯುತ್ತದೆ. ಮಾರ್ಚ್‌ನಲ್ಲಿ ಹೊಸ ಬಣ್ಣ ಹಚ್ಚಿದ ಗೋಡೆಯನ್ನು ನೋಡಿ ಕೊಂಡವರು ಇದೇ ಜುಲೈನಲ್ಲಿ ಪಶ್ಚಾತ್ತಾಪ ಪಡುತ್ತಾರೆ. ಮಾತುಕತೆಯನ್ನು ಶ್ರಾವಣದಲ್ಲಿ ಮುಂದುವರಿಸಿ, ಕಾಗದಪತ್ರ ಪರೀಕ್ಷೆಗೆ ಎರಡು-ಮೂರು ತಿಂಗಳು ಇಟ್ಟುಕೊಂಡು, ದಸರೆ-ದೀಪಾವಳಿಯ ಹೊತ್ತಿಗೆ ನೋಂದಣಿ ಮುಗಿಸಿದರೆ, ದುರಸ್ತಿಗೆ ನವೆಂಬರದಿಂದ ಮೇ ತಿಂಗಳವರೆಗೆ ಬಹುಮಟ್ಟಿಗೆ ಒಣ ಹವೆ ಸಿಗುತ್ತದೆ. ಛಾವಣಿಯ ಕೆಲಸ ಮಾತ್ರ ಯಾವ ಕಾರಣಕ್ಕೂ ರೋಹಿಣಿ ಮಳೆಯ ಆಚೆಗೆ ಹೋಗಬಾರದು. ಜೂನ್ ಮೊದಲ ವಾರ ಕಳೆಯುತ್ತಿದ್ದಂತೆ ಮಿರಗ, ಅಂದರೆ ಮೃಗಶಿರಾ ಮಳೆ, ಕೂಡುತ್ತದೆ.

ಬೀಗ ಹಾಕಿದ ಮನೆಯ ಯಜಮಾನರನ್ನು ಹುಡುಕುವುದು

ಬೆಳಿಗ್ಗೆ ಆರೂವರೆಗೆ ಓಣಿಯಲ್ಲಿ ನಡೆಯಿರಿ. ಗೇಟಿನ ಸಂದಿಯಲ್ಲಿ ಹೆಸ್ಕಾಂನ ವಿದ್ಯುತ್ ಬಿಲ್ಲುಗಳು ಹಾಗೆಯೇ ಸಿಕ್ಕಿಕೊಂಡಿದ್ದರೆ, ತೆಂಗಿನ ಕಾಯಿ ಬಿದ್ದಲ್ಲಿಯೇ ಮೊಳೆತಿದ್ದರೆ, ಬೆಳಗಿನ ಹೂವು ಕೊಯ್ಯುವವರಿಲ್ಲದೆ ಗಿಡದಲ್ಲಿಯೇ ಬಾಡಿದ್ದರೆ ಆ ಮನೆಯನ್ನು ಗುರುತು ಹಾಕಿಕೊಳ್ಳಿ. ಒಬ್ಬರೇ ಹಿರಿಯರು ವಾಸವಿದ್ದು, ಮೇಲಿನ ಅಂತಸ್ತಿನ ಕಿಟಕಿಗಳು ವರ್ಷಗಟ್ಟಲೆ ತೆರೆಯದ ಮನೆಯೂ ಈ ಪಟ್ಟಿಗೆ ಸೇರುತ್ತದೆ. ಆದರೆ ಅಲ್ಲಿ ತೀರಾ ಸೂಕ್ಷ್ಮವಾಗಿ ನಡೆದುಕೊಳ್ಳಬೇಕು. ಹಿರಿಯರೊಬ್ಬರ ಒಂಟಿತನವನ್ನು ಅಗ್ಗದ ಬೆಲೆಗೆ ದಾರಿ ಮಾಡಿಕೊಳ್ಳುವುದು ತಪ್ಪು. ಹಾಗೆ ಮಾಡಿದ ವ್ಯವಹಾರ ನಾಳೆ ಮಕ್ಕಳ ದಾವೆಯಾಗಿ ತಿರುಗಿ ಬರುತ್ತದೆ.

ಓಣಿಯ ಸುದ್ದಿ ನಿಜವಾಗಿ ಗೊತ್ತಿರುವವರು ದಲಾಲರಲ್ಲ. ಹಾಲು ಹಾಕುವವರು, ಪೇಪರ್ ಹಾಕುವ ಹುಡುಗರು, ಮೂಲೆಯ ಕಿರಾಣಿ ಅಂಗಡಿಯವರು, ಇಸ್ತ್ರಿಯವರು, ಗುಡಿಯ ಅರ್ಚಕರು, ವರ್ಷಕ್ಕೊಮ್ಮೆ ಹಂಚು ತಿರುವಲು ಬರುವ ಗೌಂಡಿ (ಗಾರೆ ಕೆಲಸದವರು), ಇವರಿಗೆ ಯಾವ ಮನೆಯ ಮಕ್ಕಳು ಊರಿಗೆ ಬಂದಾಗ ಏನು ಮಾತಾಡಿಕೊಂಡರೆಂಬುದು ತಿಳಿದಿರುತ್ತದೆ. ಗೌಂಡಿಗೆ ಇನ್ನೊಂದು ವಿಷಯವೂ ಗೊತ್ತಿರುತ್ತದೆ: ಯಾವ ಮನೆಯ ತೊಲೆ ಗೆದ್ದಲು ತಿಂದಿದೆ ಎಂಬುದು.

ಮನೆ ಗುರುತಿಸಿದ ಮೇಲೆ ಅದರ ಸಿ.ಟಿ.ಎಸ್. (ಸಿಟಿ ಸರ್ವೆ) ನಂಬರು ತಿಳಿದುಕೊಳ್ಳಿ. ಹಳೆಯ ಮುಂಬಯಿ ಪ್ರಾಂತದ ಭಾಗವಾಗಿದ್ದ ನಮ್ಮ ಊರುಗಳಲ್ಲಿ ಸಿಟಿ ಸರ್ವೆ ಪದ್ಧತಿ ಬೇರೂರಿದ್ದು, ನಗರ ಭೂಮಾಪನ ಕಚೇರಿಯಲ್ಲಿ ಅರ್ಜಿ ಕೊಟ್ಟರೆ ಪ್ರಾಪರ್ಟಿ ಕಾರ್ಡಿನ ಉತಾರ ಸಿಗುತ್ತದೆ. ಅದರಲ್ಲಿ ಹಕ್ಕುದಾರರ ಹೆಸರು, ಕ್ಷೇತ್ರಫಲ, ಹಿಂದಿನ ಬದಲಾವಣೆಗಳ ದಾಖಲೆ ಇರುತ್ತವೆ. ಹೆಸರು ಸಿಕ್ಕರೆ ವಿಳಾಸ ಸಿಗುವುದು ಕಷ್ಟವಲ್ಲ, ಪಕ್ಕದ ಮನೆಯವರ ಹತ್ತಿರ ಫೋನ್ ನಂಬರು ಇದ್ದೇ ಇರುತ್ತದೆ.

ಮೊದಲ ಮಾತು

ಪಕ್ಕದ ಮನೆಯವರು ನಂಬರು ಕೊಟ್ಟರೂ ನೇರವಾಗಿ ಫೋನ್ ಮಾಡುವುದಕ್ಕಿಂತ, ಒಂದು ಪುಟದ ಪತ್ರವನ್ನು ಕೈಯಿಂದ ಬರೆದು ಅವರ ಮೂಲಕ ತಲುಪಿಸುವುದು ಮೇಲು. ನೀವು ಯಾರು, ಯಾವ ಊರವರು, ಏನು ಕೆಲಸ ಮಾಡುತ್ತೀರಿ, ಮನೆಯನ್ನು ಕೆಡವದೆ ಅದರಲ್ಲಿಯೇ ವಾಸಿಸುವ ಇಚ್ಛೆಯಿದೆಯೇ, ದಲಾಲರು ನಡುವೆ ಇದ್ದಾರೆಯೇ ಎಂಬುದನ್ನು ಹೇಳಿ. ಬೆಲೆಯ ಮಾತು ಮೊದಲ ಪತ್ರದಲ್ಲಿ ಬೇಡ. ಮನೆಯಲ್ಲಿಯೇ ಹಿರಿಯರಿದ್ದರೆ ಗುರುತಿನವರೊಬ್ಬರನ್ನು ಕರೆದುಕೊಂಡು ಹೋಗಿ, ‘ಅಜ್ಜಾರ, ಮನಿ ಕೊಡೂ ವಿಚಾರ ಏನರ ಇದ್ರ ನಮಗೂ ಒಂದ್ ಮಾತು ತಿಳಸ್ರಿ’ ಎಂದು ಹೇಳಿ ಚಹಾ ಕುಡಿದು ಬಂದರೆ ಸಾಕು. ಒಂದು ವರ್ಷದ ನಂತರ ಅವರೇ ಕರೆ ಕಳುಹಿಸಿದ ಉದಾಹರಣೆಗಳನ್ನು ನಾನು ಕಂಡಿದ್ದೇನೆ.

ನಾವು ಮಾಳಮಡ್ಡಿಯಲ್ಲಿ ಕೊಂಡ ಮನೆಯ ಯಜಮಾನರು ಮೊದಲ ಭೇಟಿಯಲ್ಲಿ ಹೇಳಿದ್ದು ಒಂದೇ ಮಾತು: ‘ನಮ್ಮ ಅಕ್ಕನ್ನ ಕೇಳಬೇಕ್ರಿ.’ ಅದನ್ನು ನಾನು ನಯವಾದ ನಿರಾಕರಣೆ ಎಂದುಕೊಂಡೆ. ಅದು ನಿಜವಾದ ಕಾನೂನಿನ ಸ್ಥಿತಿಯಾಗಿತ್ತು.

ಒಳಗೆ ಹೋಗಿ ನೋಡುವಾಗ

ಬೆಲೆ ಮಾತಾಡುವ ಮೊದಲು ಮನೆಯನ್ನು ಎರಡು ಸಲ ನೋಡಬೇಕು. ಮೊದಲ ಸಲ ನೀವು, ಎರಡನೆಯ ಸಲ ಒಬ್ಬ ಸಿವಿಲ್ ಎಂಜಿನಿಯರ್ ಮತ್ತು ಒಬ್ಬ ಹಳೆಯ ಗೌಂಡಿ ಜೊತೆಗಿರಲಿ. ಗೌಂಡಿಯನ್ನು ಬಿಟ್ಟು ಬರೀ ಎಂಜಿನಿಯರರನ್ನು ಕರೆದೊಯ್ದರೆ ಹೆಚ್ಚಿನವರು ‘ಕೆಡವಿ ಕಟ್ಟಿಸಿರಿ’ ಎನ್ನುತ್ತಾರೆ.

ನಮ್ಮ ಊರುಗಳಲ್ಲಿ ಸಾಮಾನ್ಯವಾಗಿ ಸಿಗುವ ಹಳೆಯ ಮನೆಗಳು ಮೂರು ಬಗೆಯವು. ಕಲ್ಲು ಅಥವಾ ಮಣ್ಣಿನ ಗೋಡೆಯ ಮೇಲೆ ಮಂಗಳೂರು ಹಂಚು ಹೊದಿಸಿದ್ದು ಒಂದು, ತೊಲೆ-ಜಂತಿಗಳ ಮೇಲೆ ಮಣ್ಣು ಹಾಕಿದ ಮೇಲ್ಮುದ್ದೆಯ ಮಾಳಿಗೆ ಮನೆ ಇನ್ನೊಂದು, 1970-80ರ ದಶಕಗಳ ಆರ್.ಸಿ.ಸಿ. ಮನೆ ಮೂರನೆಯದು. ಇವುಗಳ ರೋಗಗಳು ಬೇರೆ ಬೇರೆ.

ಹಂಚಿನ ಮನೆಯಲ್ಲಿ ಮರವನ್ನು ನೋಡಿ. ತೊಲೆಯ ತುದಿ ಗೋಡೆಯೊಳಗೆ ಸೇರುವ ಜಾಗದಲ್ಲಿ ಸ್ಕ್ರೂಡ್ರೈವರ್ ಒತ್ತಿದಾಗ ಮೊನೆ ಸಲೀಸಾಗಿ ಇಳಿದರೆ ಒಳಗೆ ಕೊಳೆತಿದೆ ಅಥವಾ ಗೆದ್ದಲು ತಿಂದಿದೆ ಎಂದರ್ಥ. ದಾಂಡೇಲಿ-ಹಳಿಯಾಳದ ಕಾಡು ಹತ್ತಿರವಿದ್ದುದರಿಂದ ಧಾರವಾಡದ ಅನೇಕ ಹಳೆಯ ಮನೆಗಳಲ್ಲಿ ಸಾಗವಾನಿ ಬಳಸಿದ್ದಾರೆ. ಆ ಮರ ಗಟ್ಟಿಯಿದ್ದರೆ ಇಂದು ಅಂಥದನ್ನು ಹೊಸದಾಗಿ ಕೊಳ್ಳುವ ಬೆಲೆಯನ್ನು ನೆನೆದು ಅದನ್ನು ಉಳಿಸಿಕೊಳ್ಳಿ. ಮಾಳಿಗೆ ಮನೆಯಲ್ಲಿ ಛಾವಣಿಯ ಭಾರವೇ ದೊಡ್ಡ ಪ್ರಶ್ನೆ. ಸೋರುತ್ತದೆಂದು ಪ್ರತಿ ವರ್ಷ ಮೇಲೆ ಮಣ್ಣು ಸುರಿಯುತ್ತ ಬಂದಿದ್ದರೆ ತೊಲೆಗಳು ಬಾಗಿರುತ್ತವೆ, ಆದ್ದರಿಂದ ಗೋಡೆಯಿಂದ ಗೋಡೆಗೆ ಒಂದು ದಾರ ಎಳೆದು ಹಿಡಿದು ಬಾಗನ್ನು ಅಳೆಯಬೇಕು.

ಆರ್.ಸಿ.ಸಿ. ಮನೆಯೆಂದರೆ ಸುರಕ್ಷಿತ ಎಂಬ ನಂಬಿಕೆಯನ್ನು ಬಿಡಿ. ಸ್ಲ್ಯಾಬಿನ ಕೆಳಭಾಗದಲ್ಲಿ ಸಿಮೆಂಟು ಹೊಪ್ಪಳಿಕೆಯಾಗಿ ಉದುರಿ ತುಕ್ಕು ಹಿಡಿದ ಸಳಿ, ಅಂದರೆ ಒಳಗಿನ ಕಬ್ಬಿಣದ ಸರಳು, ಕಾಣುತ್ತಿದ್ದರೆ, ಕಾಣದ ಜಾಗದಲ್ಲಿಯೂ ತುಕ್ಕು ಹಬ್ಬಿದೆ ಎಂದೇ ತಿಳಿಯಬೇಕು. ಸಣ್ಣ ಸುತ್ತಿಗೆಯಿಂದ ಇಡೀ ಸ್ಲ್ಯಾಬನ್ನು ತಟ್ಟುತ್ತ ಹೋಗಿ ಡೊಳ್ಳು ಸದ್ದು ಬಂದಲ್ಲೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಿದರೆ ರೋಗದ ನಕಾಶೆಯೇ ಸಿಗುತ್ತದೆ. ಬಚ್ಚಲು ಮತ್ತು ಪಾಯಿಖಾನೆಯ ಕೆಳಗಿನ ಭಾಗ ಸಾಮಾನ್ಯವಾಗಿ ಅತಿ ಹೆಚ್ಚು ಕೆಟ್ಟಿರುತ್ತದೆ.

ಗೋಡೆಯ ಬಿರುಕು ಹಳೆಯದೋ ಇನ್ನೂ ಬೆಳೆಯುತ್ತಿದೆಯೋ ತಿಳಿಯಲು ಅದರ ಮೇಲೆ ಅಡ್ಡವಾಗಿ ತೆಳು ಗಾಜಿನ ಪಟ್ಟಿಯೊಂದನ್ನು ಅಂಟಿಸಿ ದಿನಾಂಕ ಬರೆದಿಡಬಹುದು. ಕೆಲವು ತಿಂಗಳಲ್ಲಿ ಗಾಜು ಒಡೆದರೆ ನೆಲ ಇನ್ನೂ ಚಲಿಸುತ್ತಿದೆ. ಎರೆಭೂಮಿಯ ಮನೆಗೆ ಈ ಪರೀಕ್ಷೆಯನ್ನು ಬಿಡಲೇಬಾರದು, ಮತ್ತು ಮಾರುವವರು ಒಪ್ಪದಿದ್ದರೆ ಅದನ್ನೂ ಒಂದು ಉತ್ತರವೆಂದೇ ತಿಳಿಯಿರಿ.

ನೀರಿನ ಬಗ್ಗೆ ಪಕ್ಕದ ಮನೆಯ ವೈನಿಯವರನ್ನು, ಅಂದರೆ ಮನೆಯಾಕೆಯನ್ನು, ಕೇಳಿ. ಪಾಲಿಕೆಯ ನೀರು ಎಷ್ಟು ದಿನಕ್ಕೊಮ್ಮೆ, ಎಷ್ಟು ಹೊತ್ತಿಗೆ ಬರುತ್ತದೆ ಎಂಬುದು ಓಣಿಯಿಂದ ಓಣಿಗೆ ಬೇರೆ. ನಲ್ಲಿಯ ಪಾಳಿಯ ನಿಖರ ಲೆಕ್ಕ ಅವರಲ್ಲಿಯೇ ಇರುತ್ತದೆ.

ಬೆಲೆ ಕಟ್ಟುವುದು

ಬೋರ್ಡಿಲ್ಲದ ಮನೆಗೆ ಮಾರುಕಟ್ಟೆಯ ದರವೂ ಇರುವುದಿಲ್ಲ. ಓಣಿಯಲ್ಲಿ ಹೇಳುವ ದರ ಯಾವಾಗಲೂ ಯಾರದೋ ಬೀಗರು ಮಾರಿದ ಉತ್ಪ್ರೇಕ್ಷಿತ ದರವಾಗಿರುತ್ತದೆ. ಮೊದಲು ನೋಂದಣಿ ಇಲಾಖೆಯ ಮಾರ್ಗಸೂಚಿ ಬೆಲೆಯನ್ನು ನೋಡಿ, ಅದು ಕೆಳಗಿನ ಗೆರೆ. ನಂತರ ಅದೇ ಓಣಿಯಲ್ಲಿ ಕಳೆದ ಎರಡು-ಮೂರು ವರ್ಷಗಳಲ್ಲಿ ಆದ ಖರೀದಿ ಪತ್ರಗಳ ನಕಲುಗಳನ್ನು ಉಪನೋಂದಣಿ ಕಚೇರಿಯಿಂದ ಪಡೆಯಿರಿ. 1908ರ ನೋಂದಣಿ ಕಾಯ್ದೆಯ ಪ್ರಕಾರ ಸ್ಥಿರಾಸ್ತಿಯ ಇಂಥ ದಾಖಲೆಗಳ ನಕಲನ್ನು ಶುಲ್ಕ ಕೊಟ್ಟು ಯಾರೂ ಪಡೆಯಬಹುದು.

ಐವತ್ತು ವರ್ಷದ ಮನೆಯಾದರೆ ಕಟ್ಟಡಕ್ಕೆ ಹೆಚ್ಚಿನ ಬೆಲೆ ಕಟ್ಟಬೇಡಿ. ಜಾಗದ ಬೆಲೆಗೆ ಮರಮಟ್ಟು, ಕಲ್ಲು, ಬಾವಿಯ ಬೆಲೆ ಕೂಡಿಸಿ, ದುರಸ್ತಿಯ ಅಂದಾಜು ವೆಚ್ಚವನ್ನು ಕಳೆದರೆ ನಿಮ್ಮ ಲೆಕ್ಕ ಸಿಗುತ್ತದೆ. ಗುಂಟೆಯ ಲೆಕ್ಕದಲ್ಲಿ ಮಾತಾಡುವಾಗ ಒಂದು ಗುಂಟೆಗೆ 1,089 ಚದರ ಅಡಿ ಎಂಬುದು ನೆನಪಿರಲಿ, ‘ಸುಮಾರು ಸಾವಿರ’ ಎಂದು ದುಂಡಗೆ ಹೇಳುವಲ್ಲಿಯೇ ಗುಂಟೆಗೆ 89 ಚದರ ಅಡಿ ಮಾಯವಾಗುತ್ತದೆ.

ಖರೀದಿಯ ಮೇಲಿನ ಸರ್ಕಾರಿ ವೆಚ್ಚವನ್ನೂ ಈಗಲೇ ಸೇರಿಸಿಕೊಳ್ಳಿ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಉಪಕರಗಳು ಮತ್ತು 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿದ ನೋಂದಣಿ ಶುಲ್ಕ ಸೇರಿ ನಗರ ಪ್ರದೇಶದಲ್ಲಿ ಒಟ್ಟು ಶೇ 7.6 ಆಗುತ್ತದೆ. 60 ಲಕ್ಷ ರೂಪಾಯಿಯ ಮನೆಗೆ ಅದು 4 ಲಕ್ಷ 56 ಸಾವಿರ ರೂಪಾಯಿ.

ಕಾಗದಪತ್ರ: ಎಲ್ಲಕ್ಕಿಂತ ಹೆಚ್ಚು ಸಮಯ ಇಲ್ಲಿಗೆ ಕೊಡಿ

ಹಳೆಯ ಮನೆಗಳ ಅತಿ ಸಾಮಾನ್ಯ ದೋಷವೆಂದರೆ, ಪ್ರಾಪರ್ಟಿ ಕಾರ್ಡಿನಲ್ಲಿ ನಲವತ್ತು ವರ್ಷದ ಹಿಂದೆ ತೀರಿಕೊಂಡ ಅಜ್ಜನ ಹೆಸರು, ಪಾಲಿಕೆಯ ಕರದ ದಾಖಲೆಯಲ್ಲಿ ಅಪ್ಪನ ಹೆಸರು, ವಿದ್ಯುತ್ ಬಿಲ್ಲಿನಲ್ಲಿ ಇನ್ನಾರದೋ ಹೆಸರು ಇರುವುದು. ಸಿಟಿ ಸರ್ವೆ ಬೇರೆ, ಪಾಲಿಕೆಯ ಖಾತಾ ಬೇರೆ. ಒಂದರಲ್ಲಿ ಹೆಸರು ಬದಲಾದರೆ ಇನ್ನೊಂದರಲ್ಲಿ ತಾನಾಗಿಯೇ ಬದಲಾಗುವುದಿಲ್ಲವೆಂಬುದು ಅನೇಕ ಕುಟುಂಬಗಳಿಗೆ ತಿಳಿಯುವುದು ಮಾರುವ ಹೊತ್ತಿಗೆ. ಈಗ ನೋಂದಣಿಗೆ ಇ-ಖಾತಾ ಬೇಕಾಗಿರುವುದರಿಂದ, ಮಾರುವವರು ಮೊದಲು ತಮ್ಮ ಹೆಸರಿಗೆ ಅದನ್ನು ಮಾಡಿಸಿಕೊಳ್ಳಲಿ. ಆ ಓಡಾಟದಲ್ಲಿ ನೀವು ಸಹಾಯ ಮಾಡಬಹುದು, ಆದರೆ ಅದು ಮುಗಿಯುವ ಮೊದಲು ದೊಡ್ಡ ಮೊತ್ತ ಕೊಡಬೇಡಿ.

ಮುಖ್ಯ ಪ್ರಶ್ನೆ ವಾರಸುದಾರರದು. ಮೂಲ ಯಜಮಾನರು ಮೃತ್ಯುಪತ್ರ ಬರೆಯದೆ ತೀರಿಕೊಂಡಿದ್ದರೆ, ಹಿಂದೂ ಕುಟುಂಬಗಳಲ್ಲಿ ಅವರ ಸ್ವಯಾರ್ಜಿತ ಆಸ್ತಿ ಹೆಂಡತಿ, ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮನಾಗಿ ಹೋಗುತ್ತದೆ. ಪಿತ್ರಾರ್ಜಿತ ಆಸ್ತಿಯಲ್ಲಿಯೂ 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳು ಹುಟ್ಟಿನಿಂದಲೇ ಸಮಪಾಲುದಾರರು, ತಂದೆ ಆ ದಿನಾಂಕಕ್ಕೆ ಬದುಕಿರಬೇಕಾಗಿರಲಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದೆ. 2004ರ ಡಿಸೆಂಬರ್ 20ಕ್ಕಿಂತ ಮೊದಲು ಕ್ರಮಬದ್ಧವಾಗಿ ಆದ ವಾಟ್ಣಿಗೆ (ಆಸ್ತಿ ಪಾಲಿಗೆ) ಮಾತ್ರ ಇದರಿಂದ ಬಾಧೆಯಿಲ್ಲ. ‘ತಂಗಿಯ ಲಗ್ನದಾಗ ಎಲ್ಲಾ ಕೊಟ್ಟು ಮುಗಿಸೇವ್ರಿ’ ಎಂಬ ಮಾತನ್ನು ನೀವು ಪ್ರತಿ ಮೂರನೆಯ ಮನೆಯಲ್ಲಿ ಕೇಳುತ್ತೀರಿ. ಕಾನೂನಿನ ಮುಂದೆ ಆ ಮಾತಿಗೆ ಬೆಲೆಯಿಲ್ಲ. ತಂಗಿ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟಿರಬೇಕು ಅಥವಾ ನಿಮ್ಮ ಖರೀದಿ ಪತ್ರಕ್ಕೆ ಮಾರುವವಳಾಗಿಯೇ ಸಹಿ ಮಾಡಬೇಕು.

ನಮ್ಮ ವ್ಯವಹಾರದಲ್ಲಿ ಯಜಮಾನರ ಅಕ್ಕ ಕೊಲ್ಹಾಪುರದಲ್ಲಿದ್ದರು. ಅಲ್ಲಿಗೆ ಹೋಗಿ, ಮನೆಯ ಫೋಟೊಗಳನ್ನು ತೋರಿಸಿ, ಮಧ್ಯಾಹ್ನವಿಡೀ ಅವರ ಬಾಲ್ಯದ ನೆನಪುಗಳನ್ನು ಕೇಳಿದೆವು. ಸಹಿ ಮಾಡಲು ಅವರು ಒಂದೇ ಷರತ್ತು ಹಾಕಿದರು, ಹಿತ್ತಲಿನ ಪೇರಲ ಗಿಡವನ್ನು ಕಡಿಯಬಾರದು ಎಂದು. ಆ ಗಿಡ ಈಗಲೂ ಇದೆ, ಅದರ ಬೇರು ನಮ್ಮ ಚರಂಡಿಯ ಪೈಪನ್ನು ಎರಡು ಸಲ ಒಡೆದಿದೆ.

ವಾರಸುದಾರರು ಯಾರೆಂಬುದಕ್ಕೆ ನಾಡಕಚೇರಿಯ ವಂಶವೃಕ್ಷವನ್ನು ಕೇಳಿ ಪಡೆಯಿರಿ, ಆದರೆ ಅದೊಂದನ್ನೇ ನಂಬದೆ ಓಣಿಯ ಹಿರಿಯರ ಹತ್ತಿರ ಹೆಸರುಗಳನ್ನು ತಾಳೆ ನೋಡಿ. ವಾರಸುದಾರರಲ್ಲಿ ಹದಿನೆಂಟು ತುಂಬದವರಿದ್ದರೆ ನ್ಯಾಯಾಲಯದ ಅನುಮತಿಯ ಪ್ರಶ್ನೆ ಬರುತ್ತದೆ, ಆಗ ವಕೀಲರ ಲಿಖಿತ ಅಭಿಪ್ರಾಯವಿಲ್ಲದೆ ಮುಂದುವರಿಯಬೇಡಿ. ವಿದೇಶದಲ್ಲಿರುವವರು ಮುಖತ್ಯಾರ ಪತ್ರ (ಪವರ್ ಆಫ್ ಅಟಾರ್ನಿ) ಕಳುಹಿಸುವುದಾದರೆ ಅದು ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಣಗೊಂಡಿರಲಿ ಮತ್ತು ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ತುಂಬಿರಲಿ. ನೋಂದಣಿಯ ದಿನ ಅವರೊಡನೆ ವಿಡಿಯೊ ಕರೆಯಲ್ಲಿ ಮಾತಾಡಿ, ಏಕೆಂದರೆ ಬರೆದುಕೊಟ್ಟವರು ತೀರಿಕೊಂಡರೆ ಸಾಮಾನ್ಯ ಮುಖತ್ಯಾರ ಪತ್ರವೂ ಮುಗಿಯುತ್ತದೆ. ಬರೀ ಮುಖತ್ಯಾರ ಪತ್ರದ ಮೇಲೆ ‘ಖರೀದಿ’ ಆದ ಮನೆಯನ್ನು ಯಾರಾದರೂ ತೋರಿಸಿದರೆ ಕೈ ಮುಗಿದು ಬನ್ನಿ. ಅಂಥ ಕಾಗದದಿಂದ ಮಾಲಕತ್ವ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲಿಯೇ ಹೇಳಿದೆ.

ಋಣಭಾರ ಪ್ರಮಾಣಪತ್ರ, ಅಂದರೆ ಇ.ಸಿ.ಯನ್ನು ಕನಿಷ್ಠ 30 ವರ್ಷದ್ದು ತೆಗೆಸಿ. 2004ರಿಂದ ಈಚಿನದು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಿಗುತ್ತದೆ, ಅದಕ್ಕೂ ಹಿಂದಿನದಕ್ಕೆ ಉಪನೋಂದಣಿ ಕಚೇರಿಯಲ್ಲಿ ಹಳೆಯ ಪುಸ್ತಕಗಳನ್ನು ಹುಡುಕಿಸಬೇಕು. ಸಹಕಾರಿ ಪತ್ತಿನ ಸಂಘದ ಸಾಲಕ್ಕೆ ಮೂಲ ಪತ್ರವನ್ನು ಅಡವಿಟ್ಟಿದ್ದು ಇ.ಸಿ.ಯಲ್ಲಿ ಕಾಣದೆ ಹೋಗಬಹುದಾದ್ದರಿಂದ, ಪ್ರಾಪರ್ಟಿ ಕಾರ್ಡಿನಲ್ಲಿ ಬೋಜಾ (ಸಾಲದ ಭಾರ) ದಾಖಲಾಗಿದೆಯೇ ನೋಡಿ ಮತ್ತು ಮೂಲ ಪತ್ರವನ್ನು ಕಣ್ಣಾರೆ ನೋಡದೆ ಸಂಚಕಾರ, ಅಂದರೆ ಮುಂಗಡ, ಕೊಡಬೇಡಿ. ಊರಂಚಿನ ಮನೆಯಾದರೆ ಬಿನ್‌ಶೇತ್ಕಿ (ಕೃಷಿಯೇತರ ಬಳಕೆಯ) ಆದೇಶ ಮತ್ತು ಮಂಜೂರಾದ ಬಡಾವಣೆ ನಕಾಶೆ ಬೇಕು. ಇವಿಲ್ಲದ ಗುಂಟೆ ಪ್ಲಾಟಿನ ಮನೆ ಎಷ್ಟು ಅಗ್ಗವಾದರೂ ಬ್ಯಾಂಕಿನ ಸಾಲಕ್ಕೂ ಕಟ್ಟಡ ಪರವಾನಿಗೆಗೂ ತೊಡಕಾಗುತ್ತದೆ. ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ ಮಹಾಯೋಜನೆಯ ನಕಾಶೆ ನೋಡಿ, ರಸ್ತೆ ಅಗಲೀಕರಣದ ಗೆರೆ ನಿಮ್ಮ ಪಡಸಾಲೆಯ ಮೇಲೆ ಹಾಯ್ದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಬಾಡಿಗೆದಾರರಿದ್ದರೆ ಖಾಲಿ ಸ್ವಾಧೀನವನ್ನು ಮಾರುವವರೇ ಕೊಡಬೇಕೆಂದು ಬರೆಸಿ.

ಸಂಚಕಾರದಿಂದ ಖರೀದಿ ಪತ್ರದವರೆಗೆ

ಬೆಂಗಳೂರಿನ ಕಡೆಯ ನನ್ನ ಸ್ನೇಹಿತರೊಬ್ಬರು ‘ಸಂಚಕಾರ ಪತ್ರ’ ಎಂಬ ಹೆಸರು ಕೇಳಿಯೇ ಗಾಬರಿಯಾಗಿದ್ದರು, ಅವರ ಕನ್ನಡದಲ್ಲಿ ಸಂಚಕಾರವೆಂದರೆ ಕುತ್ತು. ನಮ್ಮಲ್ಲಿ ಅದು ಮುಂಗಡ, ಇಸಾರ. ಕರಾರನ್ನು ನೋಂದಣಿ ಮಾಡಿಸುವುದೇ ಸುರಕ್ಷಿತ. ಬೆಲೆ, ಮುಗಿಸುವ ಅವಧಿ, ಎಲ್ಲ ವಾರಸುದಾರರ ಹೆಸರು, ಕಾಗದ ಸರಿಯಾಗದಿದ್ದರೆ ಹಣ ಮರಳುವ ಷರತ್ತು ಅದರಲ್ಲಿರಲಿ. ನಂತರ ವಕೀಲರ ಮೂಲಕ ಹುಬ್ಬಳ್ಳಿ ಆವೃತ್ತಿಯಿರುವ ಎರಡು ದಿನಪತ್ರಿಕೆಗಳಲ್ಲಿ ಜಾಹೀರು ನೋಟಿಸು ಕೊಟ್ಟು, ತಕರಾರಿಗೆ ಹದಿನೈದು ದಿನ ಕಾಯಿರಿ. ಬೋರ್ಡಿಲ್ಲದೆ ಗುಟ್ಟಾಗಿ ಸಾಗಿದ ವ್ಯವಹಾರ ಈ ಹಂತದಲ್ಲಿ ಬಹಿರಂಗವಾಗಲೇಬೇಕು. ಮಾರುವವರು ನೋಟಿಸು ಬೇಡವೆಂದು ಹಟ ಹಿಡಿದರೆ ಅದರ ಕಾರಣವನ್ನು ಕೇಳಿ.

ನಗದಿನ ವಿಷಯದಲ್ಲಿ ದಾಕ್ಷಿಣ್ಯ ಬೇಡ. ಸ್ಥಿರಾಸ್ತಿ ವ್ಯವಹಾರದಲ್ಲಿ 20 ಸಾವಿರ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು ಎಂಬುದನ್ನು ಮಾರುವವರಿಗೆ ತಿಳಿಸಿ ಹೇಳಿದರೆ ಬಹಳಷ್ಟು ಜನ ಒಪ್ಪುತ್ತಾರೆ. ಬೆಲೆ 50 ಲಕ್ಷ ಅಥವಾ ಹೆಚ್ಚಿದ್ದರೆ ಶೇ 1ರಷ್ಟು ಟಿ.ಡಿ.ಎಸ್. (ಮೂಲದಲ್ಲಿಯೇ ಕಡಿಯುವ ಆದಾಯ ತೆರಿಗೆ) ಕಡಿದು ಸರ್ಕಾರಕ್ಕೆ ತುಂಬುವ ಹೊಣೆ ಕೊಳ್ಳುವವರದು. ಮಾರುವವರಲ್ಲಿ ಒಬ್ಬರು ಅನಿವಾಸಿ ಭಾರತೀಯರಾದರೆ ಅವರ ಪಾಲಿಗೆ ನಿಯಮವೂ ದರವೂ ಬೇರೆ, ಲೆಕ್ಕಪರಿಶೋಧಕರನ್ನು ಕೇಳಿಯೇ ಹಣ ಕೊಡಿ. ನೋಂದಣಿಯಾದ ವಾರದಲ್ಲಿಯೇ ಸಿಟಿ ಸರ್ವೆ, ಪಾಲಿಕೆ, ಹೆಸ್ಕಾಂ ಮೂರರಲ್ಲಿಯೂ ಹೆಸರು ಬದಲಾವಣೆಗೆ ಅರ್ಜಿ ಹಾಕಿ.

ದುರಸ್ತಿ: ನೀರು ಮೊದಲು, ಬಣ್ಣ ಕೊನೆಗೆ

ಸುಣ್ಣ-ಬಣ್ಣ, ಹಂಚು ಬದಲಾವಣೆ, ಫರ್ಸಿ ತೆಗೆದು ಹಾಕುವಂಥ ಕೆಲಸಕ್ಕೆ ಸಾಮಾನ್ಯವಾಗಿ ಪರವಾನಿಗೆ ಬೇಡ. ಗೋಡೆ ಕೆಡವುವುದು, ಕೋಣೆ ಅಥವಾ ಅಂತಸ್ತು ಏರಿಸುವುದು ಇದ್ದರೆ ಪಾಲಿಕೆಯ ಕಟ್ಟಡ ಪರವಾನಿಗೆ ಪಡೆಯಬೇಕು. ಎಂಜಿನಿಯರರ ಅಂದಾಜಿನ ಮೇಲೆ ನಾಲ್ಕನೆಯ ಒಂದು ಭಾಗದಷ್ಟು ಹಣವನ್ನು ಬೇರೆ ಎತ್ತಿಡಿ. ಹಳೆಯ ಗೋಡೆಯ ಗಿಲಾಯಿ (ಪ್ಲಾಸ್ಟರು) ಕೆದರಿದ ಮೇಲೆ ಏನು ಕಾಣುತ್ತದೆಂದು ಯಾವ ಎಂಜಿನಿಯರರೂ ಮೊದಲೇ ಹೇಳಲಾರರು.

ಕೆಲಸದ ಕ್ರಮ ಹೀಗಿರಲಿ: ಮೊದಲು ಛಾವಣಿ ಮತ್ತು ಮಳೆನೀರಿನ ಹರಿವು, ನಂತರ ಅಡಿಪಾಯ ಮತ್ತು ಗೋಡೆಯ ತೇವ, ಆಮೇಲೆ ಒಳಚರಂಡಿ, ನೀರಿನ ಪೈಪು, ವೈರಿಂಗ್, ಅದಾದ ಮೇಲೆ ಗಿಲಾಯಿ, ನೆಲ, ಬಾಗಿಲು-ಕಿಟಕಿ, ಕೊನೆಗೆ ಬಣ್ಣ.

ಹಂಚಿನ ಛಾವಣಿಯನ್ನು ಪೂರ್ತಿ ಇಳಿಸಿ, ಒಡೆದವನ್ನು ಬದಲಿಸಿ, ರೀಪುಗಳನ್ನು ಹೊಸದಾಗಿ ಹೊಡೆಸಿ. ಒಂದು ಚದರ ಮೀಟರಿಗೆ ಸುಮಾರು 15 ಮಂಗಳೂರು ಹಂಚು ಬೇಕಾಗುತ್ತದೆ, ಹಳೆಯ ಮನೆ ಕೆಡವುವಲ್ಲಿ ಅದೇ ಅಚ್ಚಿನ ಹಂಚು ಸಿಕ್ಕರೆ ಒಂದಿಷ್ಟು ಹೆಚ್ಚುವರಿ ಕೊಂಡಿಡಿ, ಬೇರೆ ಅಚ್ಚಿನದು ಸರಿಯಾಗಿ ಕೂಡುವುದಿಲ್ಲ. ಆರ್.ಸಿ.ಸಿ. ಸ್ಲ್ಯಾಬಿನಲ್ಲಿ ಡೊಳ್ಳು ಸದ್ದು ಬಂದ ಭಾಗವನ್ನು ಪೂರ್ತಿ ಒಡೆದು, ಸಳಿಯ ತುಕ್ಕನ್ನು ಉಜ್ಜಿ ತೆಗೆದು, ತುಕ್ಕು ನಿರೋಧಕ ಲೇಪ ಹಚ್ಚಿ, ಪಾಲಿಮರ್ ಬೆರೆಸಿದ ಗಾರೆಯಿಂದ ತುಂಬಬೇಕು. ಸಳಿ ಬಹಳ ತೆಳುವಾಗಿದ್ದರೆ ಎಂಜಿನಿಯರರು ಹೇಳಿದಂತೆ ಹೊಸ ಸಳಿ ಕೂಡಿಸಬೇಕು. ಮೇಲೆ ಬರೀ ಸಿಮೆಂಟು ಮೆತ್ತಿ ಬಣ್ಣ ಬಳಿಯುವುದು ಎರಡು ವರ್ಷದ ಮೋಸ.

ಗೋಡೆಯ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ಮಣ್ಣಿನ ಗೋಡೆಗೆ ಸುಣ್ಣದ ಗಾರೆಯ ಗಿಲಾಯಿ ಇತ್ತು. ಗುತ್ತಿಗೆದಾರರ ಮಾತು ಕೇಳಿ ಅದನ್ನು ಕೆದರಿಸಿ ಗಟ್ಟಿಯಾದ ಸಿಮೆಂಟು ಗಿಲಾಯಿ ಮಾಡಿಸಿದೆ. ಮಣ್ಣು ಮತ್ತು ಸುಣ್ಣದ ಗೋಡೆ ನೆಲದಿಂದ ಹೀರಿದ ತೇವವನ್ನು ಮೈತುಂಬ ಉಸಿರಾಡಿ ಹೊರಹಾಕುತ್ತದೆ, ಸಿಮೆಂಟು ಅದನ್ನು ಒಳಗೇ ಕಟ್ಟಿಹಾಕುತ್ತದೆ. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಗಿಲಾಯಿ ರೊಟ್ಟಿಯಂತೆ ಉಬ್ಬಿ ನಿಂತಿತು. ಎರಡನೆಯ ಸಲ ಹೊರಗೋಡೆಯ ಬುಡದ ಸುತ್ತ ಅಗೆದು ನೀರು ದೂರ ಹರಿಯುವಂತೆ ಇಳಿಜಾರು ಮಾಡಿಸಿ, ವಾರಗಟ್ಟಲೆ ನೆನೆಹಾಕಿದ ಸುಣ್ಣದ ಗಾರೆಯನ್ನೇ ಹಚ್ಚಿಸಬೇಕಾಯಿತು. ಆ ಕೆಲಸ ಬಲ್ಲ ಗೌಂಡಿಗಳು ಕಡಿಮೆಯಾಗಿದ್ದಾರೆ. ಹಳೆಯ ಗುಡಿಗಳ ದುರಸ್ತಿ ನಡೆದಲ್ಲಿ ವಿಚಾರಿಸಿದರೆ ಸಿಗುತ್ತಾರೆ.

ವಾಸ್ತುವಿನ ಸಲುವಾಗಿ ಬಾಗಿಲು ಸ್ಥಳಾಂತರಿಸುವವರು ಒಂದು ವಿಷಯ ಗಮನಿಸಬೇಕು. ಹಳೆಯ ಮನೆಗಳಲ್ಲಿ ಕಂಬ-ತೊಲೆಗಿಂತ ಗೋಡೆಯೇ ಛಾವಣಿಯನ್ನು ಹೊತ್ತಿರುವುದುಂಟು. ಈಶಾನ್ಯಕ್ಕೆ ಬಾಗಿಲು ತೆರೆಯುವ ಮೊದಲು ಆ ಗೋಡೆಯ ಮೇಲೆ ಏನು ಕೂತಿದೆಯೆಂದು ಎಂಜಿನಿಯರರನ್ನು ಕೇಳಿ.

ವೈರಿಂಗನ್ನು ಪೂರ್ತಿ ಹೊಸದಾಗಿ ಮಾಡಿಸಿ, ಇಲ್ಲಿ ಉಳಿತಾಯ ಬೇಡ. ದೀಪಕ್ಕೆ 1.5, ಸಾಕೆಟ್ಟಿಗೆ 2.5, ಗೀಸರ್ ಮತ್ತು ಎ.ಸಿ.ಗೆ 4 ಚದರ ಮಿ.ಮೀ. ತಾಮ್ರದ ತಂತಿ, ಹೊಸ ಅರ್ಥಿಂಗ್, 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. (ಕರೆಂಟು ಸೋರಿದರೆ ತಾನಾಗಿಯೇ ಕಡಿಯುವ ಸ್ವಿಚ್ಚು) ಇರಲಿ. ತುಕ್ಕು ಹಿಡಿದ ಜಿ.ಐ. ಪೈಪುಗಳನ್ನು ತೆಗೆಸಿ. ನೆಲಮಟ್ಟದ ನೀರಿನ ಟಾಕಿಯ ಗಾತ್ರವನ್ನು, ವೈನಿಯವರು ಹೇಳಿದ ನಲ್ಲಿಯ ಪಾಳಿಗೆ ಎರಡು ದಿನ ಕೂಡಿಸಿ ಲೆಕ್ಕ ಹಾಕಿ. ಹಿತ್ತಲಿನಲ್ಲಿ ಬಾವಿಯಿದ್ದರೆ ಮುಚ್ಚಬೇಡಿ, ಹೂಳು ತೆಗೆಸಿ ಛಾವಣಿಯ ನೀರನ್ನು ಸೋಸಿ ಅದಕ್ಕೆ ಬಿಡಿ. 100 ಚದರ ಮೀಟರ್ ಛಾವಣಿಯ ಮೇಲೆ 10 ಮಿ.ಮೀ. ಮಳೆ ಬಿದ್ದರೆ ಸಾವಿರ ಲೀಟರ್ ನೀರು ಬರುತ್ತದೆ.

ನೆಲದ ಶಹಾಬಾದ್ ಫರ್ಸಿಯನ್ನು ತೆಗೆದು ಹೊಳೆಯುವ ಟೈಲ್ಸ್ ಹಾಕಿಸುವವರೇ ಹೆಚ್ಚು. ನಾವು ಅದೇ ಫರ್ಸಿಗೆ ಪಾಲಿಶ್ ಹಿಡಿಸಿ ಸಂದಿಗಳನ್ನು ತುಂಬಿಸಿದೆವು, ವೆಚ್ಚ ಕಡಿಮೆಯಾಯಿತು ಮತ್ತು ಬೇಸಿಗೆಯಲ್ಲಿ ಅದರ ಮೇಲೆ ಬರೀ ಮೈಯಲ್ಲಿ ಮಲಗಬಹುದು.

ಗುತ್ತಿಗೆಯ ಕರಾರಿನಲ್ಲಿ ಹಣವನ್ನು ಕೆಲಸದ ಹಂತಗಳಿಗೆ ಕಟ್ಟಿ, ಕೊನೆಯ ಶೇ 10ನ್ನು ಮಿರಗದ ಮಳೆ ಬಿದ್ದ ಮೇಲೆ ಕೊಡುವುದೆಂದು ಮೊದಲೇ ಬರೆಸಿ. ಮೊದಲ ಜೋರು ಮಳೆಯ ರಾತ್ರಿ ಬ್ಯಾಟರಿ ಹಿಡಿದು ಪ್ರತಿ ಕೋಣೆಯಲ್ಲಿ ಹತ್ತು ನಿಮಿಷ ನಿಂತು, ಹನಿ ಬಿದ್ದಲ್ಲಿ ಸೀಮೆಸುಣ್ಣದಿಂದ ಗುರುತು ಮಾಡಿ. ನಮ್ಮ ಮನೆಯಲ್ಲಿ ಆ ರಾತ್ರಿ ಏಳು ಗುರುತು ಬಿದ್ದವು. ಮರುದಿನ ಬೆಳಿಗ್ಗೆ ಎಂಟಕ್ಕೆ ಗೌಂಡಿ ಏಣಿ ಹಿಡಿದು ಬಾಗಿಲಲ್ಲಿದ್ದರು.